ಬ್ರಿಜ್‌ನ ಆ ಒಂಬತ್ತು ಪಿನ್ನುಗಳು

ಹಡಗು ನಡೆಸುವ ಕೋಣೆಯಾದ ಬ್ರಿಜ್‌ನಲ್ಲಿ, ಬಂದರಿನ ದಾರಿ ತೋರಿಸಲು ಹಡಗು ಹತ್ತುವ ಪೈಲಟ್ ನಿಂತು ಆಜ್ಞೆ ಕೊಡುವ ಜಾಗದ ಪಕ್ಕದಲ್ಲೇ, ಒಂದು ದುಂಡನೆಯ ಸಾಕೆಟ್ ಇರುತ್ತದೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಮುಚ್ಚಳ ತಿರುವಿ ತೆಗೆದರೆ ಒಳಗೆ ಒಂಬತ್ತು ಪಿನ್ನುಗಳ ಜಾಗ. ಕೆಲಸಕ್ಕೆ ಬರುವುದು ಐದು ಮಾತ್ರ. 1 ಮತ್ತು 4ರಿಂದ ಹಡಗು ಹೊರಗಿನವರಿಗೆ ಹೇಳುತ್ತದೆ, 5 ಮತ್ತು 6ರಿಂದ ಹೊರಗಿನವರು ಹೇಳಿದ್ದನ್ನು ಕೇಳುತ್ತದೆ, 9ಕ್ಕೆ ತಂತಿಯ ಕವಚ ಕಟ್ಟಬೇಕು. ಯಾವ ಪಿನ್ನಿಗೆ ಯಾವ ತಂತಿ, ಸಾಕೆಟ್ ಎಲ್ಲಿರಬೇಕು, ಪಕ್ಕದಲ್ಲಿ ವಿದ್ಯುತ್ ಪಾಯಿಂಟ್ ಬೇಕು ಎಂಬುದನ್ನೆಲ್ಲ ಅಂತರರಾಷ್ಟ್ರೀಯ ಸಾಗರ ಸಂಸ್ಥೆ, ಅಂದರೆ ಐಎಂಒ, 2003ರ ಸುತ್ತೋಲೆಯಲ್ಲೇ ಬರೆದಿಟ್ಟಿದೆ. ಇದರ ಹೆಸರು ಪೈಲಟ್ ಪ್ಲಗ್. ಹಡಗಿನ ಸ್ವಯಂಚಾಲಿತ ಗುರುತು ವ್ಯವಸ್ಥೆಗೆ, ನಾವಿಕರ ಬಾಯಲ್ಲಿ ಎಐಎಸ್‌ಗೆ, ಹೊರಗಿನ ಉಪಕರಣ ಜೋಡಿಸಲು ಇರುವ ಬಾಗಿಲು ಇದು.

ಈ ಬಾಗಿಲಿನ ಬಗ್ಗೆ ಈಗಲೇ ಮಾತಾಡಬೇಕಾಗಿದೆ. ಎಐಎಸ್ ಬಂದ ಹೊಸದರಲ್ಲಿ ಅದಕ್ಕೆ ಜೋಡಿಸುತ್ತಿದ್ದದ್ದು ಹಡಗಿನದೇ ಎರಡು ಮೂರು ಉಪಕರಣ. ಇಂದು ಪೈಲಟ್‌ನ ಟ್ಯಾಬ್ಲೆಟ್, ಕಂಪನಿ ಕಳಿಸಿದ ವೈಫೈ ಡಬ್ಬಿ, ಹವಾಮಾನ ನೋಡುವ ಲ್ಯಾಪ್‌ಟಾಪ್, ದಡದ ಕಚೇರಿಗೆ ಮಾಹಿತಿ ರವಾನಿಸುವ ಪೆಟ್ಟಿಗೆ, ಎಲ್ಲವೂ ಅದೇ ತಂತಿಗೆ ಬಂದು ಕೂರುತ್ತಿವೆ. ಮೀನುಗಾರಿಕೆ ಬೋಟುಗಳಲ್ಲಿ ಇದೇ ಕೆಲಸ ಇನ್ನೂ ಸಲೀಸಾಗಿ ನಡೆಯುತ್ತದೆ. ಏಕೆಂದರೆ ಅಲ್ಲಿ ನಕ್ಷೆ ನೋಡಿ ತಂತಿ ಎಳೆಯುವ ಪದ್ಧತಿಯೇ ಕಡಿಮೆ. ನಮ್ಮ ಕರಾವಳಿಯಲ್ಲಿ ಈ ಕಾರಣಕ್ಕೇ ಒಂದು ದೊಡ್ಡ ದುರಂತ ನಡೆದಿದೆ ಎಂದು ನಾವು ಹೇಳುತ್ತಿಲ್ಲ. ನಡೆಯುವುದಕ್ಕೆ ಬೇಕಾದ ಸಾಮಾನು ಸರಂಜಾಮೆಲ್ಲ ಒಂದೊಂದಾಗಿ ಜಮೆಯಾಗುತ್ತಿದೆ ಎಂದು ಹೇಳುತ್ತಿದ್ದೇವೆ.

ಮೊದಲು ಎಐಎಸ್ ಮಾಡುವ ಕೆಲಸ ಏನೆಂದು ನೋಡೋಣ. ಹಡಗು ತನ್ನ ಹೆಸರು, ಒಂಬತ್ತು ಅಂಕಿಯ ಗುರುತು ಸಂಖ್ಯೆ, ತಾನಿರುವ ಜಾಗ, ವೇಗ, ಸಾಗುತ್ತಿರುವ ದಿಕ್ಕು, ಮೂತಿ ತಿರುಗಿರುವ ದಿಕ್ಕು ಇಷ್ಟನ್ನೂ ರೇಡಿಯೊದಲ್ಲಿ ಸಾರುತ್ತಲೇ ಇರುತ್ತದೆ. ಭಾರತದ ಹಡಗುಗಳ ಸಂಖ್ಯೆ 419ರಿಂದ ಶುರುವಾಗುತ್ತದೆ. ಬಳಸುವುದು 161.975 ಮತ್ತು 162.025 ಮೆಗಾಹರ್ಟ್ಸ್ ಎಂಬ ಎರಡು ಅಲೆಗಳನ್ನು. ಎರಡೂ ಸೇರಿ ನಿಮಿಷಕ್ಕೆ 4,500 ಸರದಿ, ಒಂದೊಂದು ಹಡಗು ತನ್ನ ಸರದಿ ತಾನೇ ಕಾದಿರಿಸಿಕೊಂಡು ಮಾತಾಡುತ್ತದೆ. ದೊಡ್ಡ ಹಡಗು ಚಲಿಸುತ್ತಿದ್ದರೆ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿದ್ದರೆ ಮೂರು ನಿಮಿಷಕ್ಕೊಮ್ಮೆ. 2004ರ ಅಂತ್ಯದ ಹೊತ್ತಿಗೆ ವಿದೇಶ ಯಾನ ಮಾಡುವ 300 ಟನ್ನೇಜ್‌ಗೆ ಮೇಲ್ಪಟ್ಟ ಹಡಗುಗಳಿಗೆಲ್ಲ ಇದು ಕಡ್ಡಾಯವಾಯಿತು. ಮಂಜಿನಲ್ಲಿ, ಮಳೆಗಾಲದ ಕತ್ತಲಲ್ಲಿ, ಗುಡ್ಡದ ಮರೆಯ ತಿರುವಿನಲ್ಲಿ ಎದುರಿನ ಹಡಗು ಯಾವುದು, ಎತ್ತ ತಿರುಗುತ್ತಿದೆ ಎಂಬುದು ಹೆಸರು ಸಮೇತ ಗೊತ್ತಾಗುವುದು ಸಣ್ಣ ಉಪಕಾರವಲ್ಲ. ಇದರಿಂದ ಉಳಿದ ಜೀವಗಳಿಗೆ ಲೆಕ್ಕವಿಟ್ಟವರಿಲ್ಲ.

ಆದರೆ ಎಐಎಸ್‌ಗೆ ಕಣ್ಣಿಲ್ಲ. ರೇಡಾರ್ ತಾನೇ ಅಲೆ ಕಳಿಸಿ, ಬಡಿದು ಬಂದದ್ದನ್ನು ನೋಡುತ್ತದೆ. ಎಐಎಸ್ ಹಾಗಲ್ಲ, ತನಗೆ ಹೇಳಿಕೊಟ್ಟದ್ದನ್ನು ಊರಿಗೆಲ್ಲ ಹೇಳುತ್ತದೆ. ಜಾಗ ಹೇಳಿಕೊಡುವುದು ಜಿಪಿಎಸ್, ಮೂತಿಯ ದಿಕ್ಕು ಹೇಳಿಕೊಡುವುದು ಗೈರೊ ದಿಕ್ಸೂಚಿ, ತಿರುಗುವ ವೇಗ ಹೇಳಿಕೊಡುವುದು ಇನ್ನೊಂದು ಉಪಕರಣ. ಹಾಗಾಗಿ ಎಐಎಸ್‌ಗೆ ಏನನ್ನು, ಯಾರು, ಹೇಗೆ ಜೋಡಿಸಿದರು ಎಂಬುದೇ ಅದು ಆಡುವ ಮಾತಿನ ಸತ್ಯಾಸತ್ಯವನ್ನು ತೀರ್ಮಾನಿಸುತ್ತದೆ. ಬ್ರಿಜ್‌ನಲ್ಲಿ ಅದನ್ನು ನೋಡುವವರು ಹತ್ತು ಮಂದಿಯಾದರೆ, ಹೊರಗೆ ಕಡಲಿನಲ್ಲಿ ಅದನ್ನು ನಂಬಿ ಚುಕ್ಕಾಣಿ ತಿರುಗಿಸುವವರು ನೂರು ಮಂದಿ.

ಗೈರೊ ವಿಷಯವನ್ನೇ ತೆಗೆದುಕೊಳ್ಳಿ. ಹಳೆಯ ಹಡಗುಗಳ ಗೈರೊ ತನ್ನ ದಿಕ್ಕನ್ನು ಅಂಕಿಯಾಗಿ ಹೇಳುವುದಿಲ್ಲ, ಮಿಡಿತಗಳಾಗಿ ಕಳಿಸುತ್ತದೆ. ಹಡಗು ಒಂದು ಡಿಗ್ರಿ ತಿರುಗಿದರೆ ಸಾಮಾನ್ಯವಾಗಿ ಆರು ಮಿಡಿತ. ಎಐಎಸ್‌ಗೆ ಮಿಡಿತ ಅರ್ಥವಾಗುವುದಿಲ್ಲ. ಅದಕ್ಕೇ ನಡುವೆ ಒಂದು ಪರಿವರ್ತಕ ಡಬ್ಬಿ ಹಾಕುತ್ತಾರೆ. ಅದು ಮಿಡಿತ ಎಣಿಸುತ್ತ ದಿಕ್ಕಿನ ಲೆಕ್ಕ ಹಿಡಿದಿಟ್ಟುಕೊಳ್ಳುತ್ತದೆ. ಶುರುವಿನಲ್ಲಿ ಒಮ್ಮೆ ಯಾರಾದರೂ ಕೈಯಿಂದ ಎರಡನ್ನೂ ಸರಿಹೊಂದಿಸಬೇಕು. ಈಗ ಹಡಗಿನಲ್ಲಿ ಎರಡು ನಿಮಿಷ ಕರೆಂಟು ಹೋಯಿತು ಎನ್ನಿ. ಡಬ್ಬಿ ಮಲಗಿತು, ಹಡಗು ಮಾತ್ರ ಅಷ್ಟರಲ್ಲಿ 15 ಡಿಗ್ರಿ ತಿರುಗಿತು. ಕರೆಂಟು ಬಂದ ಮೇಲೆ ಡಬ್ಬಿ ತಾನು ಎಲ್ಲಿ ನಿಲ್ಲಿಸಿತ್ತೋ ಅಲ್ಲಿಂದಲೇ ಎಣಿಕೆ ಮುಂದುವರಿಸುತ್ತದೆ. ಅಲ್ಲಿಂದಾಚೆ ಎಐಎಸ್ ಹೇಳುವ ಪ್ರತಿಯೊಂದು ದಿಕ್ಕೂ 15 ಡಿಗ್ರಿ ತಪ್ಪು. ಯಾವ ಗಂಟೆಯೂ ಬಾರಿಸುವುದಿಲ್ಲ, ಯಾವ ಕೆಂಪು ದೀಪವೂ ಹತ್ತುವುದಿಲ್ಲ, ಏಕೆಂದರೆ ಯಂತ್ರದ ದೃಷ್ಟಿಯಲ್ಲಿ ಮಾಹಿತಿ ಸರಿಯಾಗಿಯೇ ಬರುತ್ತಿದೆ. 200 ಮೀಟರ್ ಉದ್ದದ ಹಡಗಿನ ಮೂತಿಯನ್ನು ಸರಿಯಾದ ಜಾಗದಲ್ಲಿ ಇಟ್ಟು 15 ಡಿಗ್ರಿ ಓರೆ ಮಾಡಿದರೆ ಹಿಂಭಾಗ 50 ಮೀಟರಿಗೂ ಹೆಚ್ಚು ಅತ್ತ ಸರಿದು ಕಾಣುತ್ತದೆ. ಕಿರಿದಾದ ಕಾಲುವೆಯಲ್ಲಿ ಆ 50 ಮೀಟರಿನ ಅರ್ಥ ಏನೆಂದು ಪೈಲಟ್‌ಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಪೈಲಟ್ ತರುವ ಟ್ಯಾಬ್ಲೆಟ್ ಒಳ್ಳೆಯ ದರ್ಜೆಯದಾದರೆ ಅದರಲ್ಲಿ ಅದರದೇ ಜಿಪಿಎಸ್ ಇರುತ್ತದೆ. ಆದರೆ ಮೂತಿಯ ದಿಕ್ಕನ್ನೂ ತಿರುಗುವ ವೇಗವನ್ನೂ ಅದು ಬಹುತೇಕ ಈ ಪ್ಲಗ್‌ನಿಂದಲೇ ಎತ್ತಿಕೊಳ್ಳುತ್ತದೆ. ಇನ್ನು ಮೂರು ನಿಮಿಷಕ್ಕೆ ಹಡಗು ಎಲ್ಲಿರುತ್ತದೆ ಎಂದು ಪರದೆಯ ಮೇಲೆ ಬಿಡಿಸಿ ತೋರಿಸುವ ನೆರಳು ಚಿತ್ರ ಆ ಎರಡು ಅಂಕಿಗಳ ಮೇಲೆ ನಿಂತಿದೆ. ತಪ್ಪು ಅಂಕಿ ಕೊಟ್ಟರೂ ಚಿತ್ರ ಅಷ್ಟೇ ಚೆಂದವಾಗಿ, ಅಷ್ಟೇ ನಯವಾಗಿ ಬರುತ್ತದೆ. ನಮ್ಮನ್ನು ಹೆಚ್ಚು ಕಾಡುವುದು ಇದೇ. ಮಸುಕಾದ ರೇಡಾರ್ ಚಿತ್ರ ನೋಡಿದಾಗ ನಾವಿಕ ಅನುಮಾನಪಡುತ್ತಾನೆ, ಹೊರಗೆ ಇಣುಕುತ್ತಾನೆ. ಬಣ್ಣದ ಪರದೆಯಲ್ಲಿ ಹಡಗಿನ ಆಕಾರವೇ ಅಚ್ಚುಕಟ್ಟಾಗಿ ತೇಲುತ್ತಿದ್ದರೆ ಅನುಮಾನ ಹುಟ್ಟುವುದೇ ಇಲ್ಲ.

ಜಿಪಿಎಸ್ ಆಂಟೆನಾದ ತೊಂದರೆಯೂ ಇದೇ ಜಾತಿಯದು. ಎಐಎಸ್ ಹೇಳುವ ಜಾಗ ಹಡಗಿನದಲ್ಲ, ಆಂಟೆನಾ ಕುಳಿತಿರುವ ಕಂಬದ್ದು. ಅಲ್ಲಿಂದ ಮೂತಿಗೆ ಎಷ್ಟು ಮೀಟರ್, ಹಿಂಭಾಗಕ್ಕೆ ಎಷ್ಟು, ಎಡಕ್ಕೆ, ಬಲಕ್ಕೆ ಎಷ್ಟು ಎಂದು ನಾಲ್ಕು ಅಳತೆ ತುಂಬಿಸಬೇಕು. ಹಳೆಯ ಜಿಪಿಎಸ್ ಕೆಟ್ಟು, ಹೊಸದನ್ನು ಬೇರೆ ಕಂಬದ ಮೇಲೆ ಕೂರಿಸಿ ಎಐಎಸ್‌ಗೆ ಜೋಡಿಸಿದರು; ಅಳತೆ ಬದಲಿಸಲು ಮರೆತರು. 250 ಮೀಟರಿನ ಟ್ಯಾಂಕರ್‌ನಲ್ಲಿ ಆಂಟೆನಾ ಹಿಂತುದಿಯಿಂದ 30 ಮೀಟರಿನಲ್ಲಿದ್ದು, ಪೆಟ್ಟಿಗೆಯೊಳಗಿನ ಅಳತೆ ನಟ್ಟನಡುವೆ ಎಂದಿದ್ದರೆ, ಎದುರಿನವರ ಪರದೆಯಲ್ಲಿ ಇಡೀ ಹಡಗು 95 ಮೀಟರ್ ಹಿಂದಕ್ಕೆ ಕಾಣುತ್ತದೆ. ಮೂತಿ ಅಲ್ಲಿಲ್ಲ, 95 ಮೀಟರ್ ಮುಂದಕ್ಕೆ ಬಂದಿದೆ. ಎಐಎಸ್‌ನ ಸಂದೇಶದಲ್ಲಿ ಜಾಗವನ್ನು ಕಾಲು ಮೀಟರಿಗಿಂತ ಸೂಕ್ಷ್ಮವಾಗಿ ಬರೆಯುವ ಅವಕಾಶವಿದೆ. ಅಷ್ಟು ಸೂಕ್ಷ್ಮವಾಗಿ ಅದು ಸುಳ್ಳನ್ನೂ ಬರೆಯುತ್ತದೆ.

ಇನ್ನು ಬರೀ ತಂತಿಯ ಮಾತು. 1 ಮತ್ತು 4 ಅದಲು ಬದಲಾದರೆ ಮಾಹಿತಿ ಬರುವುದಿಲ್ಲ, ಬಂದರೂ ಕಸ. ಕಳಿಸುವ ಜೋಡಿಯನ್ನೂ ಕೇಳುವ ಜೋಡಿಯನ್ನೂ ತಪ್ಪಾಗಿ ಕಟ್ಟಿದ ಪ್ಲಗ್‌ಗಳು ಎಷ್ಟು ಸಾಮಾನ್ಯವೆಂದರೆ, ಪೈಲಟ್‌ಗಳಿಗೆ ಮಾರುವ ಜೋಡಣೆ ಡಬ್ಬಿಗಳಲ್ಲಿ ಕೆಲವಕ್ಕೆ ಈ ತಪ್ಪನ್ನು ತಾನೇ ಕಂಡುಹಿಡಿದು ಸರಿಪಡಿಸಿಕೊಳ್ಳುವ ಬುದ್ಧಿಯನ್ನು ತಯಾರಕರೇ ಕೊಟ್ಟಿದ್ದಾರೆ. ಇದು ಒಳ್ಳೆಯದಲ್ಲವೇ ಎಂದು ಕೇಳಬಹುದು. ಆ ದಿನದ ಪೈಲಟ್‌ಗೆ ಒಳ್ಳೆಯದು. ಆದರೆ ಪ್ಲಗ್ ತಪ್ಪಾಗಿದೆ ಎಂಬ ಸುದ್ದಿ ಅಲ್ಲಿಗೇ ಹೂತುಹೋಗುತ್ತದೆ. ಮುಂದಿನ ಬಂದರಿನಲ್ಲಿ ಅಂಥ ಡಬ್ಬಿ ಇಲ್ಲದ ಪೈಲಟ್ ಹತ್ತಿದಾಗ, ಅದೂ ಕಾಲುವೆಯ ಬಾಯಲ್ಲಿ, ಪರದೆ ಖಾಲಿ ಬೀಳುತ್ತದೆ.

ವೇಗದ ಲೆಕ್ಕವನ್ನೂ ಮರೆಯುವಂತಿಲ್ಲ. ಹಡಗಿನ ಹಳೆಯ ಉಪಕರಣಗಳು ಸೆಕೆಂಡಿಗೆ 4,800 ಬಿಟ್ ವೇಗದಲ್ಲಿ ಮಾತಾಡುತ್ತವೆ, ಎಐಎಸ್ 38,400ರಲ್ಲಿ. ನಿಧಾನದ ದಾರಿಯಲ್ಲಿ ಸೆಕೆಂಡಿಗೆ ಸುಮಾರು ಹತ್ತು ಹಡಗುಗಳ ವರದಿ ಹಿಡಿಸುತ್ತದೆ. ರೇಡಿಯೊದಲ್ಲಿ ಸರದಿಯೆಲ್ಲ ತುಂಬಿದರೆ ಬರುವುದು ಸೆಕೆಂಡಿಗೆ 75. ನಕ್ಷೆ ತೋರಿಸುವ ಹಳೆಯ ಪ್ಲಾಟರ್‌ಗೆ ಎಐಎಸ್ ಜೋಡಿಸಿ ನಡುಗಡಲಿನಲ್ಲಿ ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಹಡಗುಗಳೇ ಇಲ್ಲ. ಮುಂಬೈಯ ಹೊರಗೋ ಸಿಂಗಪುರದ ಜಲಸಂಧಿಯಲ್ಲೋ, ಎಲ್ಲಿ ಅದರ ಅಗತ್ಯ ಅತಿ ಹೆಚ್ಚೋ ಅಲ್ಲಿ, ದಾರಿ ಉಕ್ಕಿ ಕೆಲವು ಹಡಗುಗಳು ಪರದೆಯಿಂದ ಮಾಯವಾಗುತ್ತವೆ.

ಮೇಲೆ ಹೇಳಿದವೆಲ್ಲ ಕೈತಪ್ಪುಗಳು. ಬೇಕೆಂದೇ ಮಾಡುವ ಕೇಡು ಬೇರೆ.

ಈ ತಂತಿಯಲ್ಲಿ ಹರಿಯುವುದು ಬರಿಯ ಅಕ್ಷರಗಳ ಸಾಲು. ಒಂದು ಆಶ್ಚರ್ಯಸೂಚಕ ಚಿಹ್ನೆಯಿಂದಲೋ ಡಾಲರ್ ಚಿಹ್ನೆಯಿಂದಲೋ ಶುರುವಾಗಿ, ನಕ್ಷತ್ರ ಚಿಹ್ನೆಯ ನಂತರ ಎರಡು ಅಕ್ಷರದ ತಾಳೆಗುರುತಿನಲ್ಲಿ ಮುಗಿಯುತ್ತದೆ. ಆ ತಾಳೆಗುರುತು ಹೇಳುವುದು ಸಾಲು ದಾರಿಯಲ್ಲಿ ಕೆಟ್ಟಿಲ್ಲ ಎಂದಷ್ಟೇ. ಯಾರು ಕಳಿಸಿದರು, ಅವರಿಗೆ ಹಾಗೆ ಕಳಿಸುವ ಹಕ್ಕಿದೆಯೇ ಎಂದು ಕೇಳುವ ಏರ್ಪಾಡೇ ಇದರಲ್ಲಿಲ್ಲ. ರೂಪಿಸಿದ ಕಾಲದಲ್ಲಿ ಅದು ಬೇಕೆಂದು ಯಾರಿಗೂ ಅನಿಸಿರಲಿಲ್ಲ, ಏಕೆಂದರೆ ತಂತಿಯ ಎರಡು ತುದಿಯೂ ಒಂದೇ ಕೋಣೆಯಲ್ಲಿದ್ದವು. ಈಗ ಒಂದು ತುದಿಗೆ ವೈಫೈ ಡಬ್ಬಿ ಕಟ್ಟಿದ್ದೇವೆ, ಕೋಣೆಯ ಗೋಡೆ ಬಿದ್ದುಹೋಗಿದೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸದೆ ಬಿಟ್ಟ ಡಬ್ಬಿಯಾದರೆ ದಕ್ಕೆಯ ಮೇಲೆ ನಿಂತವನೂ ಒಳಗೆ ಬರಬಹುದು.

ಬಂದವನು ಬರೀ ಕೇಳಿಸಿಕೊಂಡು ಹೋಗಬೇಕೆಂದೇನಿಲ್ಲ. ಪೈಲಟ್ ಪ್ಲಗ್ ಎರಡೂ ಕಡೆಗೆ ಹರಿಯುವ ದಾರಿ ಎಂದು ಮೊದಲೇ ಹೇಳಿದೆವು. 5 ಮತ್ತು 6ನೇ ಪಿನ್ನುಗಳ ಮೂಲಕ ಸುರಕ್ಷತಾ ಸಂದೇಶವನ್ನು ಹಡಗಿನ ಹೆಸರಿನಲ್ಲೇ ಪ್ರಸಾರ ಮಾಡಿಸಬಹುದು, ಹೋಗುವ ಬಂದರು, ಯಾನದ ವಿವರ ಬದಲಿಸಬಹುದು. ಪೈಲಟ್‌ನ ಅನುಕೂಲಕ್ಕೆಂದು ಕೊಟ್ಟ ಸೌಲಭ್ಯ ಇದು. 2013ರಲ್ಲಿ ಟ್ರೆಂಡ್ ಮೈಕ್ರೊ ಸಂಸ್ಥೆಯ ಸಂಶೋಧಕರು ಎಐಎಸ್‌ನಲ್ಲಿ ಇಲ್ಲದ ಹಡಗನ್ನು ಇದೆಯೆಂದು ತೋರಿಸಬಹುದು, ಇರುವ ಹಡಗಿನ ವಿವರ ತಿರುಚಬಹುದು ಎಂದು ಮಾಡಿ ತೋರಿಸಿ ಎಚ್ಚರಿಸಿದ್ದರು. ಅವರು ಹೇಳಿ ಹತ್ತು ವರ್ಷದ ಮೇಲಾಯಿತು. ತಂತಿಯ ಮೇಲಿನ ಆ ಅಕ್ಷರದ ಸಾಲು ಇಂದಿಗೂ ಹಾಗೇ ಇದೆ.

ಐಎಂಒ ಸುಮ್ಮನೆ ಕುಳಿತಿಲ್ಲ. ಹಡಗುಗಳ ಸುರಕ್ಷತಾ ನಿರ್ವಹಣೆಯಲ್ಲಿ ಸೈಬರ್ ಅಪಾಯವನ್ನೂ ಸೇರಿಸಬೇಕೆಂದು 2017ರಲ್ಲಿ ನಿರ್ಣಯ ಮಾಡಿತು, 2021ರಿಂದ ಅದು ತಪಾಸಣೆಗೆ ಬಂತು. ಹಡಗುಗಳ ಗುಣಮಟ್ಟ ಪರೀಕ್ಷಿಸುವ ವರ್ಗೀಕರಣ ಸಂಸ್ಥೆಗಳ ಒಕ್ಕೂಟದ ಕಟ್ಟುನಿಟ್ಟಾದ ಹೊಸ ನಿಯಮಗಳು 2024ರ ಜುಲೈ 1ರಿಂದೀಚೆಗೆ ಕಟ್ಟಲು ಒಪ್ಪಂದವಾದ ಹಡಗುಗಳಿಗೆ ಅನ್ವಯಿಸುತ್ತವೆ. ಈಗ ಕಡಲಿನಲ್ಲಿ ಓಡುತ್ತಿರುವ ಹಡಗುಗಳಲ್ಲಿ ಬಹುಪಾಲು ಅದಕ್ಕೂ ಮೊದಲಿನವು. ಅವುಗಳ ಸುರಕ್ಷತಾ ಪುಸ್ತಕದಲ್ಲಿ ಪೆನ್‌ಡ್ರೈವ್ ಹಾಕಬೇಡಿ ಎಂಬ ಸೂಚನೆ ಇರಬಹುದು. ಪೈಲಟ್ ಪ್ಲಗ್‌ಗೆ ಏನು ಹಾಕಬಹುದು, ಏನು ಹಾಕಬಾರದು ಎಂಬ ಪುಟವೂ ಇರಬೇಕು.

ಈಗಲೇ ಏಕೆ ಎಂಬ ಪ್ರಶ್ನೆಗೆ ಕೊಲ್ಲಿ ಮತ್ತು ಕೆಂಪು ಸಮುದ್ರದ ಕಡೆ ಬೆರಳು ತೋರಿಸಿದರೆ ಸಾಕು. 2025ರ ಮೇ 10ರಂದು ಎಂಎಸ್‌ಸಿ ಆಂಟೋನಿಯಾ ಎಂಬ ಕಂಟೈನರ್ ಹಡಗು ಕೆಂಪು ಸಮುದ್ರದಲ್ಲಿ ಜೆಡ್ಡಾ ಬಳಿ ನೆಲಕ್ಕೆ ತಾಗಿ ನಿಂತಿತು. ಜಿಪಿಎಸ್ ಸಂಕೇತಕ್ಕೆ ಬಂದ ಅಡ್ಡಿಯ ಮೇಲೆ ಶಂಕೆ ಬಿತ್ತು. ಮರು ತಿಂಗಳು ಇಸ್ರೇಲ್ ಮತ್ತು ಇರಾನ್ ನಡುವೆ ಯುದ್ಧ ನಡೆಯುತ್ತಿದ್ದ ದಿನಗಳಲ್ಲಿ ಹಾರ್ಮುಜ್ ಜಲಸಂಧಿಯ ಸುತ್ತ ನೂರಾರು ಹಡಗುಗಳ ಎಐಎಸ್ ತಪ್ಪು ಜಾಗ ಹೇಳತೊಡಗಿತು, ಕೆಲವು ನೆಲದ ಮೇಲೆ ತೇಲುತ್ತಿರುವಂತೆ ಕಂಡವು. ಜೂನ್ 17ರಂದು ಫ್ರಂಟ್ ಈಗಲ್ ಮತ್ತು ಅಡಲಿನ್ ಎಂಬ ಎರಡು ಟ್ಯಾಂಕರ್‌ಗಳು ಒಮಾನ್ ಕೊಲ್ಲಿಯಲ್ಲಿ ಡಿಕ್ಕಿಯಾಗಿ ಹೊತ್ತಿಕೊಂಡವು. ಒಂದು ಹಡಗಿನ ನಾವಿಕರ ಅಂದಾಜು ತಪ್ಪಿದ್ದೇ ಕಾರಣವೆಂದು ಯುಎಇ ಸರ್ಕಾರ ಹೇಳಿತು. ಅದನ್ನೇ ಒಪ್ಪೋಣ. ಅಂದಾಜು ಮಾಡುವವರ ಕಣ್ಣ ಮುಂದೆ ಆ ದಿನಗಳಲ್ಲಿ ಇದ್ದ ಪರದೆಗಳು ಎಂಥವು ಎಂಬುದನ್ನೂ ನೆನಪಿಡೋಣ. ಮಂಗಳೂರಿನ ತೈಲಾಗಾರಕ್ಕೆ ಕಚ್ಚಾತೈಲ ಬರುವುದು ಇದೇ ನೀರಿನಿಂದ. ಆ ಹಡಗುಗಳ ಮೇಲೆ ಕುಂದಾಪುರದ, ಕಾರವಾರದ, ಉಳ್ಳಾಲದ ಹುಡುಗರಿದ್ದಾರೆ.

ಒಂದೇ ಜಿಪಿಎಸ್‌ಗೆ ಎಐಎಸ್, ವಿದ್ಯುನ್ಮಾನ ನಕ್ಷೆ, ರೇಡಾರ್, ಗಡಿಯಾರ, ಪೈಲಟ್‌ನ ಟ್ಯಾಬ್ಲೆಟ್, ಕಂಪನಿಯ ಪೆಟ್ಟಿಗೆ ಎಲ್ಲವನ್ನೂ ಕಟ್ಟಿದ ಹಡಗಿನಲ್ಲಿ ಆ ಒಂದು ಜಿಪಿಎಸ್ ಹಾದಿ ತಪ್ಪಿದರೆ ಆರು ಪರದೆಗಳು ಒಂದೇ ಸುಳ್ಳನ್ನು ಒಕ್ಕೊರಲಿನಿಂದ ಹೇಳುತ್ತವೆ. ಆರು ಸಾಕ್ಷಿ ಇದ್ದಂತೆ ಕಾಣುತ್ತದೆ, ನಿಜಕ್ಕೆ ಇರುವುದು ಒಂದೇ. ಹೊರಗಿನ ಉಪಕರಣ ಹೆಚ್ಚು ಜೋಡಿಸಿದಷ್ಟೂ ಸುರಕ್ಷತೆ ಹೆಚ್ಚು ಎಂದು ನಂಬಿದವರು ಈ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಬೇಕು. ಅಲ್ಲದೆ 2029ರಿಂದ ಹೊಸದಾಗಿ ಅಳವಡಿಸುವ ವಿದ್ಯುನ್ಮಾನ ನಕ್ಷೆಗಳೆಲ್ಲ ಎಸ್-100 ಎಂಬ ಹೊಸ ಮಾದರಿಯವಾಗಿರಬೇಕು. ಅವು ಇನ್ನೂ ಹೆಚ್ಚು ಮಾಹಿತಿಯನ್ನು ಇನ್ನೂ ಹೆಚ್ಚು ಕಡೆಯಿಂದ ಎತ್ತಿಕೊಳ್ಳುತ್ತವೆ. ಜೋಡಣೆಯ ಶಿಸ್ತು ಕಲಿಯಲು ಉಳಿದಿರುವ ಕಾಲ ಇದೇ.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. 2021ರ ಏಪ್ರಿಲ್ 13ರ ನಸುಕಿಗೆ ಮೊದಲು, ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲಿ ದೂರದಲ್ಲಿ, ಬೇಪೂರಿನ ರಬಾಹ್ ಎಂಬ ಮೀನುಗಾರಿಕೆ ಬೋಟಿಗೂ ಎಪಿಎಲ್ ಲೆ ಹಾವ್ರ್ ಎಂಬ ಸಿಂಗಪುರದ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ ಹದಿನಾಲ್ಕು ಮಂದಿಯಲ್ಲಿ ಬದುಕಿ ಬಂದವರು ಇಬ್ಬರು. ಆ ಡಿಕ್ಕಿಗೆ ಇಂಥದೇ ತಂತಿ ಕಾರಣ ಎಂದು ಹೇಳಲು ನಾವು ಅದನ್ನು ನೆನಪಿಸುತ್ತಿಲ್ಲ. ನಮ್ಮ ಕಡಲಿನಲ್ಲಿ ಬೋಟಿನ ದಾರಿಯೂ ಹಡಗಿನ ದಾರಿಯೂ ಕತ್ತರಿಸಿಕೊಳ್ಳುತ್ತವೆ, ಆಗ ಒಬ್ಬರಿಗೊಬ್ಬರು ಕಾಣಿಸಿಕೊಳ್ಳುವುದರ ಮೇಲೆ ಜೀವ ನಿಂತಿರುತ್ತದೆ ಎಂಬುದಕ್ಕೆ ನೆನಪಿಸುತ್ತಿದ್ದೇವೆ.

26/11ರ ಮುಂಬೈ ದಾಳಿಯ ನಂತರ 20 ಮೀಟರಿಗಿಂತ ಉದ್ದದ ಬೋಟುಗಳಿಗೆ ಎಐಎಸ್ ಬೇಕೆಂದಾಯಿತು. ಸಣ್ಣ ಬೋಟುಗಳಿಗೆ ಉಪಗ್ರಹದ ಮೂಲಕ ಮಾತಾಡುವ ಟ್ರಾನ್ಸ್‌ಪಾಂಡರ್ ಕೊಡುವ ಯೋಜನೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಶುರುವಾಯಿತು, ಗುರಿ ಒಂದು ಲಕ್ಷ ಬೋಟು. ಸರ್ಕಾರದ ಈ ಹೆಜ್ಜೆಯನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಮಲ್ಪೆಯ ಒಂದು ಆಳಸಮುದ್ರ ಬೋಟಿನ ವೀಲ್‌ಹೌಸ್ ಒಳಗೆ ಕಾಲಿಟ್ಟು ನೋಡಿ. ಜಿಪಿಎಸ್ ಪ್ಲಾಟರ್, ಮೀನು ತೋರಿಸುವ ಫಿಶ್ ಫೈಂಡರ್, ವಿಎಚ್‌ಎಫ್ ವೈರ್‌ಲೆಸ್, ಎಐಎಸ್, ಅದರ ಪಕ್ಕ ಮೊಬೈಲ್ ಚಾರ್ಜರ್. ಎಲ್ಲಕ್ಕೂ ಅದೇ ಬ್ಯಾಟರಿ, ಎಲ್ಲಕ್ಕೂ ಅದೇ ಇನ್ಸುಲೇಷನ್ ಟೇಪು. ಉಪಕರಣ ಬಂತು, ಅದನ್ನು ಜೋಡಿಸುವ ವಿದ್ಯೆ ಜತೆಗೆ ಬರಲಿಲ್ಲ.

ಒಂದು ಆಂಟೆನಾ ಉಳಿಸಲು ವೈರ್‌ಲೆಸ್‌ಗೂ ಎಐಎಸ್‌ಗೂ ಒಂದರಿಂದಲೇ ಕವಲು ಕೊಡುವ ಆಸೆ ಯಾರಿಗಾದರೂ ಬರುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಟಿ.ವಿ. ಕೇಬಲಿನ ಕವಲು. ಟಿ.ವಿ. ಕೇಬಲ್ 75 ಓಮ್ ಲೆಕ್ಕದ್ದು, ಕಡಲಿನ ವಿಎಚ್‌ಎಫ್‌ಗೆ ಬೇಕಾದದ್ದು 50 ಓಮ್. ಅದಕ್ಕಿಂತ ಕೆಟ್ಟದ್ದೆಂದರೆ ಆ ಕವಲಿಗೆ ಕಳಿಸುವುದು ಯಾರು, ಕೇಳುವುದು ಯಾರು ಎಂಬ ಭೇದ ಗೊತ್ತಿಲ್ಲ. ಬೋಟು ನಡೆಸುವ ತಾಂಡೇಲ ವೈರ್‌ಲೆಸ್ ಮೈಕ್ ಒತ್ತಿದಾಗ ಹೊರಡುವ 25 ವಾಟ್ ಶಕ್ತಿಯ ಪಾಲು ನೇರ ಎಐಎಸ್‌ನ ಕಿವಿಗೆ ನುಗ್ಗುತ್ತದೆ. ಕಿವಿ ಸುಟ್ಟ ಮೇಲೂ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇರಬಹುದು. ಬೋಟಿನ ಎಐಎಸ್ ಕಳಿಸುವುದೇ 2 ವಾಟ್‌ನಲ್ಲಿ, ಅದರಲ್ಲೂ ಅರ್ಧ ಕವಲಿನಲ್ಲಿ ಸೋರಿದರೆ ಹಡಗಿನವರಿಗೆ ಬೋಟು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಈ ಕೆಲಸಕ್ಕೆಂದೇ ಮಾಡಿದ ಸ್ಪ್ಲಿಟರ್ ಸಿಗುತ್ತದೆ, ಬೆಲೆ ಹೆಚ್ಚು. ಅದು ಬೇಡವೆನಿಸಿದರೆ ಎರಡನೇ ಆಂಟೆನಾ ಹಾಕಿ, ಮೊದಲಿನದರಿಂದ ಆದಷ್ಟು ದೂರದಲ್ಲಿ.

ಎಲ್‌ಇಡಿ ದೀಪದ ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಬೆಳಕು ಮೀನುಗಾರಿಕೆ ನಿಷೇಧದಲ್ಲಿದೆ, ಅದರ ಜಗಳ ನಮ್ಮ ಕರಾವಳಿಗೆ ಹೊಸದಲ್ಲ. ಇಲ್ಲಿ ಹೇಳುತ್ತಿರುವುದು ಡೆಕ್ಕಿನ ಮಾಮೂಲಿ ದೀಪಗಳ ಮಾತು. ಅಮೆರಿಕದ ಕೋಸ್ಟ್ ಗಾರ್ಡ್ 2018ರ ಆಗಸ್ಟಿನಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. ಒಂದು ಹಡಗನ್ನು ರಕ್ಷಣಾ ಕೇಂದ್ರ ವೈರ್‌ಲೆಸ್‌ನಲ್ಲಿ ಎಷ್ಟು ಕರೆದರೂ ಸಂಪರ್ಕ ಸಿಗಲಿಲ್ಲ, ಅದರ ಎಐಎಸ್ ಕೂಡ ಕಿವುಡಾಗಿತ್ತು. ಆಂಟೆನಾ ಬಳಿ ಹಾಕಿದ ಎಲ್‌ಇಡಿ ದೀಪಗಳು ಇಂಥ ತೊಂದರೆ ತರುವ ರೇಡಿಯೊ ಗದ್ದಲ ಎಬ್ಬಿಸಬಲ್ಲವು ಎಂಬುದೇ ಆ ಎಚ್ಚರಿಕೆಯ ತಿರುಳು. ಪರೀಕ್ಷೆಗೆ ಖರ್ಚಿಲ್ಲ. ದೀಪ ಆರಿಸಿ. ಯಾರೂ ಮಾತಾಡದ ಚಾನೆಲ್‌ಗೆ ವೈರ್‌ಲೆಸ್ ಹಾಕಿ. ಗದ್ದಲ ತಡೆಯುವ ಸ್ಕ್ವೆಲ್ಚ್ ಗುಬ್ಬಿಯನ್ನು ಬುಸ್ಸೆನ್ನುವ ಸದ್ದು ಬರುವ ತನಕ ತಿರುಗಿಸಿ, ಆಮೇಲೆ ಸದ್ದು ಆಗಷ್ಟೇ ನಿಲ್ಲುವಷ್ಟು ಹಿಂದಕ್ಕೆ ತನ್ನಿ. ಈಗ ದೀಪ ಹಾಕಿ. ಸದ್ದು ಮತ್ತೆ ಬಂತೋ, ಆ ದೀಪ ನಿಮ್ಮ ಎಐಎಸ್‌ನ ಕಿವಿ ಮುಚ್ಚುತ್ತಿದೆ ಎಂದೇ ಲೆಕ್ಕ. ಐದು ನಿಮಿಷದ ಕೆಲಸ.

ದೊಡ್ಡ ಹಡಗುಗಳ ವಿಷಯದಲ್ಲಿ ನಮ್ಮ ಒತ್ತಾಯ ನೇರವಾದದ್ದು. ಪೈಲಟ್ ಪ್ಲಗ್‌ಗೆ ಬರುವ ಯಾವುದೇ ಉಪಕರಣ ಸಾಮಾನ್ಯವಾಗಿ ಕೇಳುವುದಕ್ಕೆ ಮಾತ್ರ ಇರಬೇಕು. 5 ಮತ್ತು 6ರ ದಾರಿ ಮುಚ್ಚಿರಬೇಕು, ತೆರೆಯಬೇಕಾದರೆ ಕ್ಯಾಪ್ಟನ್ ಒಪ್ಪಿಗೆ ಲಾಗ್ ಪುಸ್ತಕದಲ್ಲಿ ಬರಬೇಕು. ಹಡಗಿನ ವಿದ್ಯುತ್ತಿಗೂ ಹೊರಗಿನ ಉಪಕರಣದ ವಿದ್ಯುತ್ತಿಗೂ ನೇರ ಸಂಪರ್ಕ ಇರದಂತೆ ನಡುವೆ ಬೇರ್ಪಡಿಸುವ ಜೋಡಣೆ ಇರಬೇಕು. ಲ್ಯಾಪ್‌ಟಾಪ್ ಚಾರ್ಜರ್‌ನ ಸೋರಿಕೆ ಕರೆಂಟಿಗೆ ಹಡಗಿನ ಗೈರೊ ಬಲಿಯಾಗಬಾರದು. ಇಂಟರ್‌ನೆಟ್ ಹಿಡಿದ ಯಂತ್ರ ಅದೇ ಹೊತ್ತಿಗೆ ಈ ಪ್ಲಗ್ ಹಿಡಿದಿರಬಾರದು. ವರ್ಷಕ್ಕೊಮ್ಮೆ ಎಐಎಸ್ ಪರೀಕ್ಷೆ ಹೇಗೂ ಕಡ್ಡಾಯ. ಪರೀಕ್ಷಕರು ರೇಡಿಯೊ ಶಕ್ತಿ ಅಳೆದು ಸಹಿ ಹಾಕಿ ಇಳಿಯುವ ಮೊದಲು ಪ್ಲಗ್‌ನ ಪ್ರತಿ ಪಿನ್ನಿನಲ್ಲಿ ಏನು ಬರುತ್ತಿದೆ ಎಂದು ಒಂದು ಕಂಪ್ಯೂಟರಿನಲ್ಲಿ ಓದಿ ನೋಡಬೇಕು.

ಪೈಲಟ್‌ಗಳಲ್ಲಿ ಒಂದು ಕೋರಿಕೆ. ಏಣಿ ಹತ್ತಿ ಬ್ರಿಜ್‌ಗೆ ಬಂದಾಗ ಕ್ಯಾಪ್ಟನ್ ನಿಮ್ಮ ಕೈಗೆ ಪೈಲಟ್ ಕಾರ್ಡ್ ಕೊಡುತ್ತಾರೆ. ಎಂಜಿನ್, ಚುಕ್ಕಾಣಿ, ಆಳ ಎಲ್ಲ ಅದರಲ್ಲಿರುತ್ತದೆ. ಟ್ಯಾಬ್ಲೆಟ್ ಜೋಡಿಸಿದ ಮೇಲೆ, ಕಾಲುವೆಯ ಬಾಯಿಗೆ ಹೋಗುವ ಮೊದಲು, ಅದರಲ್ಲಿ ಕಾಣುವ ಹೆಡಿಂಗ್, ಅಂದರೆ ಮೂತಿಯ ದಿಕ್ಕನ್ನು, ಚುಕ್ಕಾಣಿಗಾರನ ಮುಂದಿರುವ ಗೈರೊ ಅಂಕಿಯ ಜತೆ ಗಟ್ಟಿಯಾಗಿ ಓದಿಸಿ ತಾಳೆ ನೋಡಿ. ಒಂದು ತಿರುವು ತೆಗೆದುಕೊಂಡ ಮೇಲೆ ಇನ್ನೊಮ್ಮೆ. ನವಮಂಗಳೂರು ಬಂದರು ಪ್ರಾಧಿಕಾರ ಈ ತಾಳೆಯನ್ನು ಪೈಲಟ್ ಮತ್ತು ಕ್ಯಾಪ್ಟನ್ ನಡುವಿನ ಮಾಹಿತಿ ವಿನಿಮಯದ ಕಾಗದದಲ್ಲಿ ಒಂದು ಸಾಲಾಗಿ ಸೇರಿಸಿದರೆ ದೇಶದ ಇತರ ಬಂದರುಗಳೂ ಅದನ್ನು ನೋಡಿ ಕಲಿಯುತ್ತವೆ. ತಪ್ಪಾಗಿ ಕಟ್ಟಿದ ಪ್ಲಗ್ ಕಂಡ ಪೈಲಟ್ ಅದನ್ನು ಬರೆದು ಕೊಡಬೇಕು, ಬಂದರಿನ ಕಚೇರಿ ಅದನ್ನು ಮುಂದಿನ ಬಂದರಿಗೆ ತಿಳಿಸಬೇಕು. ನೌಕಾಯಾನ ಮಹಾನಿರ್ದೇಶನಾಲಯ ಇದಕ್ಕೊಂದು ಸುತ್ತೋಲೆ ಹೊರಡಿಸಲು ಅಪಘಾತದ ತನಿಖಾ ವರದಿಗಾಗಿ ಕಾಯುವುದು ಬೇಡ.

ರಾಜ್ಯದ ಮೀನುಗಾರಿಕೆ ಇಲಾಖೆಯ ಹೊಣೆಯೂ ಕಡಿಮೆಯದಲ್ಲ. ಉಪಕರಣಕ್ಕೆ ಸಬ್ಸಿಡಿ ಕೊಟ್ಟಂತೆ ಅದನ್ನು ಕಟ್ಟುವ ಕೈಗೂ ತರಬೇತಿ ಕೊಡಬೇಕು. ಮಂಗಳೂರಿನ ಬಂದರು ದಕ್ಕೆ, ಮಲ್ಪೆ, ಗಂಗೊಳ್ಳಿ, ತದಡಿ, ಕಾರವಾರ, ಈ ಐದು ಕಡೆ ಬೋಟುಗಳ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್‌ಗಳನ್ನು ಕರೆದು ಮೂರು ದಿನ ಕೂರಿಸಿದರೆ ಸಾಕು. ಮಂಗಳೂರಿನಲ್ಲೇ ಮೀನುಗಾರಿಕೆ ಕಾಲೇಜಿದೆ, ಸುರತ್ಕಲ್‌ನಲ್ಲಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಿದೆ. ಕಲಿಸುವವರಿಗೆ ಬರವಿಲ್ಲ. ಕಲಿತವರಿಗೆ ಒಂದು ಗುರುತಿನ ಚೀಟಿ, ಅವರು ಕಟ್ಟಿದ ಬೋಟಿನಲ್ಲಿ ಒಂದು ತಂತಿ ನಕ್ಷೆ ಲ್ಯಾಮಿನೇಟ್ ಮಾಡಿ ಅಂಟಿಸಿದ್ದು. ನಡುಗಡಲಿನಲ್ಲಿ ಪೆಟ್ಟಿಗೆ ಕೈಕೊಟ್ಟಾಗ ತಾಂಡೇಲನಿಗೆ ಅದೇ ಆಸರೆ.

ಇಷ್ಟೆಲ್ಲ ಹೇಳುವುದು ಎಐಎಸ್ ಬೇಡವೆಂದಲ್ಲ, ಟ್ಯಾಬ್ಲೆಟ್ ಬೇಡವೆಂದೂ ಅಲ್ಲ. ಟ್ಯಾಬ್ಲೆಟ್ ಬಂದ ಮೇಲೆ ಪೈಲಟ್‌ಗಳ ಕೆಲಸ ಎಷ್ಟು ಹಗುರವಾಗಿದೆ ಎಂದು ನಮಗೆ ಗೊತ್ತು. ಕಡಲ ನಿಯಮ ಅಂದಿಗೂ ಇಂದಿಗೂ ಒಂದೇ: ಅರೆಬರೆ ಮಾಹಿತಿ ನಂಬಿ ಡಿಕ್ಕಿಯ ಅಪಾಯವಿಲ್ಲ ಎಂದು ಊಹಿಸಬಾರದು, ಕಣ್ಣು ಕಿವಿ ಎರಡನ್ನೂ ತೆರೆದಿರಬೇಕು.

ಪ್ರತಿವರ್ಷ ಜೂನ್ 1ರಿಂದ ಜುಲೈ 31ರ ವರೆಗೆ ನಮ್ಮ ಯಾಂತ್ರೀಕೃತ ಬೋಟುಗಳು ದಡದಲ್ಲಿರುತ್ತವೆ. ಬಲೆ ಹೊಲಿಯುತ್ತಾರೆ, ಹಲಗೆ ಬದಲಿಸುತ್ತಾರೆ, ಬಣ್ಣ ಬಳಿಯುತ್ತಾರೆ. ಈ ಸಲ ಆ 61 ದಿನಗಳಲ್ಲಿ ಒಂದು ದಿನವನ್ನು ವೀಲ್‌ಹೌಸಿನ ತಂತಿಗೆ ಕೊಡಿ. ಟೇಪು ಸುತ್ತಿದ ಪ್ರತಿ ಗಂಟನ್ನೂ ಬಿಚ್ಚಿ ನೋಡಿ. ಆಗಸ್ಟ್ 1ರಂದು ಬೋಟು ಅಳಿವೆ ದಾಟುವ ಮೊದಲು, ದಡದಲ್ಲಿ ನಿಂತ ಒಬ್ಬರು ತಮ್ಮ ಮೊಬೈಲಿನಲ್ಲೋ ಪಕ್ಕದ ಬೋಟಿನ ಪ್ಲಾಟರ್‌ನಲ್ಲೋ ನಿಮ್ಮ ಬೋಟಿನ ಹೆಸರು, ಇರುವ ಜಾಗ ಸರಿಯಾಗಿ ಬರುತ್ತಿದೆಯೇ ಎಂದು ನೋಡಿ ಹೇಳಲಿ. ನಿಮ್ಮ ಮನೆಯವರು ದೊಡ್ಡ ಹಡಗಿನಲ್ಲಿ ಕೆಲಸಕ್ಕಿದ್ದರೆ, ಮುಂದಿನ ಸಲ ಫೋನ್ ಮಾಡಿದಾಗ ಊಟ ತಿಂಡಿ ವಿಚಾರಿಸಿದ ಮೇಲೆ ಇದನ್ನೂ ಕೇಳಿ: ಪೈಲಟ್ ಪ್ಲಗ್‌ನಲ್ಲಿ ಬರುವ ಹೆಡಿಂಗೂ ಗೈರೊದ ಹೆಡಿಂಗೂ ಒಂದೇ ಇದೆಯೇ, ಕೊನೆಯ ಸಲ ಯಾವತ್ತು ನೋಡಿದ್ದು?